ಒಂದು ಗೇಣಿನ ಸೇಡು

ಆ ಬೇಸಿಗೆಯಲ್ಲಿ ಏನೇನು ಕೆಡಬಹುದು ಎಂಬ ಪಟ್ಟಿ ಯುಗಾದಿಗೆ ಮುಂಚೆಯೇ ನನ್ನ ತಲೆಯಲ್ಲಿ ತಯಾರಾಗಿತ್ತು. ಯಳಂದೂರಿನಿಂದ ನನ್ನ ಅಪ್ಪನ ಊರಾದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲೇ ಮಗಳಿಗೆ ಹೆರಿಗೆಯಾಗಬಹುದು. ಆಸ್ಪತ್ರೆಯಲ್ಲಿ ಕೂಸು ಅದಲುಬದಲಾಗಬಹುದು. ಕೂಸು ನನ್ನ ಅಪ್ಪನ ಮನೆಯ ಮಗ್ಗದ ಗುಂಡಿಗೆ ಉರುಳಿ ಬೀಳಬಹುದು. ಅದಿನ್ನೂ ಹುಟ್ಟಿರಲಿಲ್ಲ, ಹುಟ್ಟಿದರೂ ಮಗುಚಿಕೊಳ್ಳಲು ತಿಂಗಳುಗಳು ಬೇಕು, ಅದು ಬೇರೆ ಮಾತು. ಎಪ್ಪತ್ತೆಂಟರ ಅಪ್ಪನ ಕಣ್ಣು ಅವರು ನೇಯುವ ಮದುವೆ ಸೀರೆ ಅರ್ಧ ಆದಾಗ ಮಂಜಾಗಬಹುದು. ಹನೂರಿನ ಮದುವೆಗೆ ಹೋಗುವ ವ್ಯಾನು ದಾರಿಯಲ್ಲಿ ನಿಲ್ಲಬಹುದು, ಗಾಳಿಗೆ ಶಾಮಿಯಾನ ಹಾರಬಹುದು, ಹುಡುಗಿ ಹಸೆಮಣೆ ಮೇಲೆ ಕೂತು ಒಲ್ಲೆ ಅನ್ನಬಹುದು, ಪಾಯಸ ಒಡೆಯಬಹುದು. ಎಲ್ಲಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಆ ದಿನ ನನ್ನ ಗಂಡನ ಅಕ್ಕ ನನ್ನೊಂದಿಗೆ ಚೆನ್ನಾಗಿ ನಡೆದುಕೊಂಡುಬಿಡಬಹುದು. ಇಪ್ಪತ್ತಾರು ವರ್ಷ ಆರದಂತೆ ಕಾಪಾಡಿಕೊಂಡು ಬಂದ ನನ್ನ ಸೇಡು ಆಗ ಏನಾಗಬೇಕು?

ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ. ಇರುವುದು ಹನೂರಿನಲ್ಲಿ. ಎತ್ತರದ ಹೆಂಗಸು, ಉದ್ದ ಕೈ, ಅದಕ್ಕಿಂತ ಉದ್ದ ನಾಲಿಗೆ. ಕೊಳ್ಳೇಗಾಲದಲ್ಲಿ ನನ್ನ ಮದುವೆ ನಡೆದಾಗ, ಗಂಡಿನ ಅಕ್ಕನಿಗೆ ಕೊಡಬೇಕಾದ ಸೀರೆಯನ್ನು ಅಪ್ಪ ತಾವೇ ನೇಯ್ದು ಕೊಟ್ಟರು. ನೇರಳೆ ಬಣ್ಣ, ಅರಿಶಿನದ ಅಂಚು. ಅತ್ತಿಗೆ ಅದನ್ನು ತಟ್ಟೆಯಿಂದ ಎತ್ತಿ ಬಿಡಿಸಿ, ಊಟಕ್ಕೆ ಕೂತ ಪಂಕ್ತಿಯ ಎದುರೇ ಮೊಣಕೈಯಿಂದ ಬೆರಳ ತುದಿಗೆ ಮೊಳ ಹಾಕುತ್ತಾ ಹೋದರು. ಹನ್ನೊಂದು ಮೊಳ ಸಲೀಸಾಗಿ ಬಂತು. ಹನ್ನೆರಡನೆಯದು ಅರ್ಧಕ್ಕೇ ನಿಂತಿತು.

"ಒಂದ್ ಗೇಣು ಕಮ್ಮಿ ಅದೆ ಕಣ್ರಪ್ಪ," ಎಂದರು ಎಲ್ಲರಿಗೂ ಕೇಳುವಂತೆ. "ನೇಕಾರ್ರು ಮಗಳ್ ಮದ್ವೇಲೂ ಒಂದ್ ಗೇಣು ನುಂಗವ್ರೆ."

ಪಂಕ್ತಿ ನಕ್ಕಿತು. ಅಪ್ಪ ಮಜ್ಜಿಗೆಯ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದರು. ಆಮೇಲೆ ಎಷ್ಟೋ ವರ್ಷ ನಮ್ಮ ಕೇರಿಯಲ್ಲಿ ಅಪ್ಪನನ್ನು ಕಂಡವರು ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ತೋರಿಸುತ್ತಿದ್ದರು. ಜೀವಮಾನದಲ್ಲಿ ಒಂದು ಎಳೆ ಕದಿಯದ ಮನುಷ್ಯ ಎಂದು ನಾನು ಕುದಿಯುತ್ತಿದ್ದೆ. ತಪ್ಪು ಸೀರೆಯದಲ್ಲ, ಅತ್ತಿಗೆಯ ಉದ್ದ ಕೈಯದು ಎಂಬುದು ನನ್ನ ವಾದ. ವಾದ ಮಂಡಿಸುವ ಧೈರ್ಯ ಬರಲಿಲ್ಲ. ಬದಲಿಗೆ ಹನೂರಿಗೆ ಹೋದಾಗಲೆಲ್ಲ ಎರಡನೇ ಸಲ ಏನು ಬಡಿಸಲು ಬಂದರೂ ಬೇಡ ಎನ್ನುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೆ ಸೇಡು ತೀರಿಸಿಕೊಂಡೆ. ಇದರಿಂದ ಸೊರಗಿದವಳು ನಾನೊಬ್ಬಳೇ.

ಆ ಬೇಸಿಗೆಗೆ ಅತ್ತಿಗೆಯ ಮಗಳ ಮದುವೆ ಗೊತ್ತಾಯಿತು. ಹೆಣ್ಣಿಗೆ ಸೋದರಮಾವನ ಮನೆಯಿಂದ ಸೀರೆ ಹೋಗಬೇಕು, ಆ ಸೋದರಮಾವ ನನ್ನ ಗಂಡ. ಸುದ್ದಿ ಕೇಳಿದ ಗಳಿಗೆಯಲ್ಲೇ ನನಗೆ ಎಲ್ಲವೂ ಕಣ್ಣಿಗೆ ಕಟ್ಟಿತು: ಅದೇ ನೇರಳೆ, ಅದೇ ಅರಿಶಿನದ ಅಂಚು, ಅಪ್ಪನದೇ ಕೈ, ಮತ್ತು ಹೊಲಿಗೆಯವರ ಹತ್ತಿರ ಇರುವಂಥ ಒಂದು ಟೇಪು. ಟೇಪಿಗೆ ಉದ್ದ ಕೈ, ಗಿಡ್ಡ ಕೈ ಎಂಬುದಿಲ್ಲ. ಹನ್ನೆರಡು ಮೊಳ ಅಂದರೆ ಐದೂವರೆ ಮೀಟರು. ತುಂಬಿದ ಛತ್ರದಲ್ಲಿ ಅಳೆದು ತೋರಿಸಿ, "ನೋಡಿ ಅತ್ತಿಗೆ, ನಮ್ಮಪ್ಪನ ಮಗ್ಗದ ಲೆಕ್ಕ ಹೀಗೆ" ಎನ್ನಬೇಕು. ಆ ಮಾತನ್ನು ಪಾತ್ರೆ ತೊಳೆಯುತ್ತಾ ಎಷ್ಟೋ ಸಲ ಅಭ್ಯಾಸ ಮಾಡಿದೆ.

ಅಪ್ಪ ಮಗ್ಗ ಬಿಚ್ಚಿಸುವುದೆಂದು ಅಷ್ಟರಲ್ಲಿ ತೀರ್ಮಾನಿಸಿದ್ದರು. ಕಣ್ಣು ಮೊದಲಿನಂತಿರಲಿಲ್ಲ. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಏಳಲು ಇನ್ನೊಬ್ಬರ ಕೈ ಬೇಕಿತ್ತು. ನಾನು ಕೇಳಿದ್ದಕ್ಕೆ ಕೊನೆಯ ಸಲ ಒಂದೇ ಸೀರೆಗಾಗುವಷ್ಟು ಹಾಸು, ಅಂದರೆ ಉದ್ದದ ನೂಲು, ಹೂಡಿದರು.

"ಐದೂವರೆ ಮೀಟ್ರಿಗೆ ಒಂದು ಎಳೆ ಕಮ್ಮಿ ಆಗ್ಬಾರ್ದು ಕಣಪ್ಪ," ಎಂದೆ. ಟೇಪಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ನೇಯುತ್ತಲೇ ಇರಲಿಲ್ಲ.

"ಆಯ್ತು ಕಣ್ಮಗ," ಎಂದರು ತಲೆಯೆತ್ತದೆ.

ಮಗಳ ಹೆರಿಗೆ ಕೊಳ್ಳೇಗಾಲದಲ್ಲೇ ಆಯಿತು, ಬಸ್ಸಿನಲ್ಲಿ ಅಲ್ಲ. ಆಸ್ಪತ್ರೆ ಹತ್ತಿರವಿರಲಿ ಎಂದು ನಾನೇ ಹಟ ಹಿಡಿದು ಬಾಣಂತನವನ್ನು ಅಪ್ಪನ ಮನೆಯಲ್ಲಿ ಇಟ್ಟುಕೊಂಡಿದ್ದೆ. ಮಗ್ಗದ ಪಕ್ಕದ ತೊಲೆಗೆ ತೊಟ್ಟಿಲು ಕಟ್ಟಿದೆವು. ಲಾಳಿ ಓಡುತ್ತಿದ್ದರೆ ಕೂಸು ನಿದ್ದೆ ಮಾಡುತ್ತಿತ್ತು, ನಿಂತರೆ ಅಳುತ್ತಿತ್ತು. ಅದು ಎದ್ದೀತೆಂದು ಅಪ್ಪ ನೀರು ಕುಡಿಯಲೂ ಏಳದೆ ನೇಯುತ್ತಿದ್ದರು. ನಾನು ಗುಂಡಿಗೂ ತೊಟ್ಟಿಲಿಗೂ ನಡುವೆ ಚಾಪೆ ಹಾಸಿಕೊಂಡು ಕಾವಲು ಕೂರುತ್ತಿದ್ದೆ.

"ಕೂಸಿಗೆ ಕತ್ತೇ ನಿಂತಿಲ್ಲ, ಗುಂಡಿಗೆ ನಡ್ಕಂಡ್ ಓಯ್ತದಾ ಅಮ್ಮ?" ಎಂದಳು ಮಗಳು.

"ಕಾಲ ಕೆಟ್ಟದೆ," ಎಂದೆ.

ನಮ್ಮ ಕೇರಿಯಲ್ಲಿ ಒಂದು ರೂಢಿ. ಹೊಸ ಕೂಸಿನ ತಲೆಗೆ ಮೊದಲು ಬೀಳುವ ಕುಲಾವಿ ಮನೆಯ ಮಗ್ಗದಿಂದ ಇಳಿದ ಬಟ್ಟೆಯದ್ದೇ ಆಗಬೇಕು. ಸೀರೆ ಮುಗಿದ ವಾರಕ್ಕೆ ಅಪ್ಪ ಒಂದು ನೇರಳೆ ಕುಲಾವಿ ಹೊಲಿಸಿ ತಂದು ಮರಿಮೊಮ್ಮಗಳ ತಲೆಗೆ ಕಟ್ಟಿದರು. ಮಿಕ್ಕ ಬಟ್ಟೆ ಇರಬೇಕು ಎಂದುಕೊಂಡೆ. ಮಾರನೆಯ ದಿನ ಮಗ್ಗ ಬಿಚ್ಚಿದರು. ಗುಂಡಿಗೆ ಮಣ್ಣು ಸುರಿಯುವಾಗ ಅಪ್ಪ ಹೊರಗೆ ಬಿಸಿಲಿನಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ನನಗೆ ಮಾತ್ರ ಗುಂಡಿ ಮುಚ್ಚಿತಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮದುವೆಯ ಹಿಂದಿನ ದಿನ ಗಂಡ ಅಂದರು, "ಒಂದ್ಸಲ ಮನೇಲೇ ಅಳ್ತೆ ನೋಡ್ಕಂಡು ತಕಂಡೋಗಮ್ಮಿ."

ಹುಟ್ಟದ ಕೂಸಿಗೆ ಕಾವಲು ಕಾಯುವ ಯೋಚನೆ ಮಾಡಿದವಳು ನಾನು. ಆದರೆ ಅಪ್ಪನ ಬಟ್ಟೆಗೆ ಮನೆಯಲ್ಲಿ ಟೇಪು ಹಿಡಿಯುವುದೆಂದರೆ ಅತ್ತಿಗೆ ಪಟ್ಟ ಅನುಮಾನವನ್ನೇ ನಾನೂ ಪಟ್ಟಂತೆ. "ನಮ್ಮಪ್ಪನ್ನ ನೀವೂ ಕಳ್ಳ ಅಂತೀರಾ?" ಎಂದೆ. ಅವರು ಪೇಪರು ಎತ್ತಿಕೊಂಡು ಮುಖ ಮುಚ್ಚಿಕೊಂಡರು.

ಹನೂರಿನಲ್ಲಿ ವ್ಯಾನು ನಿಲ್ಲಲಿಲ್ಲ, ಶಾಮಿಯಾನ ಹಾರಲಿಲ್ಲ, ಹುಡುಗಿ ಒಲ್ಲೆ ಅನ್ನಲಿಲ್ಲ. ಧಾರೆ ಆಯಿತು. ಉಡುಗೊರೆಯ ಹೊತ್ತಿಗೆ ಸೋದರಮಾವನ ಮನೆಯ ಸೀರೆ ಎಂದು ಕೂಗಿದರು. ನಾನು ತಟ್ಟೆಯೊಂದಿಗೆ ಮಂಟಪ ಹತ್ತಿ, ಬ್ಯಾಗಿನಿಂದ ಟೇಪು ತೆಗೆದೆ. ಗಂಡ ಛತ್ರದ ಕಂಬದ ಹಿಂದೆ ಸರಿದರು.

"ಅತ್ತಿಗೆ, ಆ ತುದಿ ಹಿಡ್ಕಳಿ," ಎಂದೆ. ಅದೂ ಸೇಡಿನ ಭಾಗವೇ ಆಗಿತ್ತು. "ಎಲ್ಲಾರ ಮುಂದೆ ಅಳ್ದುಬುಡಾನ. ಆಮೇಲೆ ನೇಕಾರ್ರು ನುಂಗುದ್ರು ಅನ್ನೋ ಮಾತು ಬ್ಯಾಡ."

ಅತ್ತಿಗೆ ನನ್ನ ಮುಖ ನೋಡಿದರು, ಟೇಪು ನೋಡಿದರು, ತುದಿ ಹಿಡಿದರು. ಮುಂದಿನ ಸಾಲಿನಲ್ಲಿ ಅಪ್ಪ ಕೈ ಎತ್ತಿ ಏನೋ ಹೇಳಲು ನೋಡಿದರು. ಸಂಕೋಚ ಪಡುತ್ತಿದ್ದಾರೆ ಎಂದುಕೊಂಡು ನಾನು ಮುಂದುವರಿಸಿದೆ. ಎರಡು ಮೀಟರು, ಮೂರು, ನಾಲ್ಕು, ಐದು. ಐದೂಕಾಲಿಗೆ ಸೀರೆ ಮುಗಿಯಿತು. ಎಳೆದು ಹಿಡಿದೆ. ಮತ್ತೊಮ್ಮೆ ಮೊದಲಿನಿಂದ ಅಳೆದೆ. ಐದೂಕಾಲು.

"ಎಷ್ಟ್ ಬಂತಮ್ಮಿ?" ಎಂದರು ಅತ್ತಿಗೆ.

ಅವರು ಬಗ್ಗಿ ತಾವೇ ಓದಿಕೊಂಡರು. ಆಮೇಲೆ ಮುಂದಿನ ಸಾಲಿನಲ್ಲಿ ನನ್ನ ಮಗಳ ಭುಜದ ಮೇಲೆ ಮಲಗಿದ್ದ ಕೂಸಿನ ಕಡೆ ಗದ್ದ ಎತ್ತಿ ತೋರಿಸಿದರು.

"ಉಡುಕ್ಬ್ಯಾಡ ಬುಡು. ಆ ಒಂದ್ ಗೇಣು ಅಲ್ಲಿ ನಿದ್ದೆ ಒಡೀತಾ ಅದೆ."

ಅದೇ ನೇರಳೆ ಕುಲಾವಿ. ಛತ್ರ ನಕ್ಕಿತು, ಇಪ್ಪತ್ತಾರು ವರ್ಷದ ಹಿಂದಿನ ಪಂಕ್ತಿಗಿಂತ ಜೋರಾಗಿ.

"ಅವತ್ತಿಂದೂ ಇಂಗೇಯ," ಎಂದರು ಅತ್ತಿಗೆ, ಈ ಸಲ ನನಗೆ ಮಾತ್ರ ಕೇಳುವಂತೆ. "ನಿನ್ ಮಗಳ ನಾಮಕರಣಕ್ಕೆ ಬಂದಾಗ್ಲೇ ನೋಡ್ದೆ. ನನ್ ಸೀರೆ ಅವಳ್ ತಲೆ ಮ್ಯಾಲಿತ್ತು. ಕೂಸಿನ್ ತಲೆ ಮ್ಯಾಲಿನ್ ಬಟ್ಟೆ ಕೇಳಕಾದದಾ? ಸುಮ್ಕಾದೆ."

ಮಗಳ ಆ ನೇರಳೆ ಕುಲಾವಿ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಪ್ರತಿ ವರ್ಷ ಬಿಸಿಲಿಗೆ ಹಾಕಿ ಮತ್ತೆ ಮಡಿಸಿಡುತ್ತೇನೆ. ಮಗ್ಗದಲ್ಲಿ ನೂಲು ಮಿಗುತ್ತದೆಯೇ ಹೊರತು ಬಟ್ಟೆ ಮಿಗುವುದಿಲ್ಲ ಎಂಬುದು ನೇಕಾರನ ಮಗಳಿಗೆ ಒಮ್ಮೆಯೂ ಹೊಳೆಯಲಿಲ್ಲ.

ಕೆಳಗಿಳಿದು ಅಪ್ಪನ ಪಕ್ಕ ಕೂತೆ.

"ಹಾಸು ಮುಗ್ದೋಗಿತ್ತು ಕಣ್ಮಗ," ಎಂದರು. "ಕೂಸಿಗಿಲ್ದೆ ಇರಕಾದದಾ? ಒಳಕ್ ಸಿಕ್ಸೋ ತುದಿ ತಾನೆ, ಯಾರ್ ನೋಡ್ತಾರೆ ಅಂದ್ಕಂಡೆ."

"ಇದು ಸರಿ. ನನ್ ಮದ್ವೇಲಿ ಯಾವ ಕೂಸಿತ್ತಪ್ಪ?"

"ಬತ್ತದಲ್ಲ ಅಂತ ಮುಂಚೇನೇ ಮಡಗಿದ್ದೆ. ಆಮ್ಯಾಕೆ ಕೈಯಲ್ಲಿ ಕೆಲ್ಸ ಇರ್ತದೋ ಇಲ್ವೋ, ಯಾರಿಗ್ ಗೊತ್ತು."

ಹುಟ್ಟದ ಕೂಸು ಗುಂಡಿಗೆ ಬೀಳುತ್ತದೆಂದು ಹೆದರುವ ಚಾಳಿ ನನಗೆ ಯಾವ ಕಡೆಯಿಂದ ಬಂತೆಂದು ಅಲ್ಲಿಗೆ ತಿಳಿಯಿತು.

ಊಟಕ್ಕೆ ಕೂತಾಗ ಅತ್ತಿಗೆ ತಾವೇ ಪಾಯಸದ ಬಕೆಟ್ಟು ಹಿಡಿದು ಬಂದರು. ಪಾಯಸ ಒಡೆದಿರಲಿಲ್ಲ, ಚೆನ್ನಾಗಿಯೇ ಇತ್ತು. "ಇನ್ನೊಂದ್ ಸೌಟು ಬುಡ್ಲಾ?" ಎಂದರು. ಬೇಡ ಎಂದೆ. ಅಷ್ಟಾದರೂ ಉಳಿಸಿಕೊಳ್ಳಬೇಕಲ್ಲ. ಅವರು ನಗುತ್ತಾ ಮುಂದಿನ ಎಲೆಗೆ ಹೋದರು.

ಪಟ್ಟಿಯಲ್ಲಿದ್ದ ಯಾವುದೂ ಆ ಬೇಸಿಗೆ ಕೆಡಲಿಲ್ಲ. ಕೆಟ್ಟದ್ದು ಪಟ್ಟಿಯಲ್ಲೇ ಇರದಿದ್ದ ಒಂದು ಗೇಣು, ಅದೂ ಒಳಗೆ ಸಿಕ್ಕಿಸುವ ತುದಿಯಲ್ಲಿ.