ಸುಬೇದಾರ್ ಮಾವ ಇಲ್ಲವೆಂದ ಕಥೆ

ಸುಬೇದಾರ್ ಮುನಿವೆಂಕಟಪ್ಪನವರು ರೇಷ್ಮೆಹುಳುವಿನ ಮನೆಗೂ ಬೂಟು ಪಾಲಿಶ್ ಮಾಡಿಕೊಂಡೇ ಬರುತ್ತಿದ್ದರು. ಬಾಗಿಲಲ್ಲಿ ಬಿಚ್ಚಿ, ಜೋಡಿಸಿಟ್ಟು, ಕಾಲು ತೊಳೆದು ಒಳಗೆ ಹೋಗುವುದು. ಹುಳುಗಳಿಗೂ ಹಾಜರಿ ಕೂಗಿಯಾರು ಎಂದು ನಾವು ನಗುತ್ತಿದ್ದೆವು. ಸೈನ್ಯದಿಂದ ನಿವೃತ್ತರಾಗಿ ಹುತ್ತೂರು ಪಕ್ಕದ ನಮ್ಮೂರಿಗೆ ಬಂದವರು ನನ್ನ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ತೋಟ ಮಾಡಿದರು. ಸಂಬಂಧವೇನೂ ಇಲ್ಲ, ಮಾವ ಎಂದು ಕರೆದು ಅಭ್ಯಾಸ.

ಒಮ್ಮೆ ನನ್ನ ಹುಳುಗಳಿಗೆ ಹಾಲುತೊಂಡೆ ರೋಗ ಬಂತು. ಸಿಟ್ಟಿನಲ್ಲಿ ಇಡೀ ತಟ್ಟೆಯನ್ನೇ ಗುಂಡಿಗೆ ಸುರಿಯಲು ಹೊರಟೆ. ಮಾವ ತಟ್ಟೆ ಹಿಡಿದುಕೊಂಡರು.

“ಯಾಕ್ರಾ ಅವಸರ? ಕೂತ್ಕೊಂಡು ರೋಗದವನ್ನಷ್ಟೇ ಆರಿಸು. ಬೆನ್ನು ನೋವಾಗ್ತದೆ, ಆಗ್ಲಿ.”

ಇಬ್ಬರೂ ಕಡ್ಡಿ ಹಿಡಿದು, ಊದಿಕೊಂಡ ಹುಳುಗಳನ್ನು ಒಂದೊಂದಾಗಿ ಸುಣ್ಣದ ನೀರಿಗೆ ಹಾಕುತ್ತ ಕೂತೆವು. ಆಗಲೇ ಅವರು ಸೈನ್ಯದಲ್ಲಿದ್ದಾಗಿನ ಒಂದು ಮನೆಯ ವಿಷಯ ಹೇಳಿದ್ದು.

ಗಡಿಯ ಬೆಟ್ಟದ ಹಳ್ಳಿಯೊಂದರಲ್ಲಿ ಇಬ್ಬರು ಉಗ್ರರು ಒಂದು ಮನೆ ಹೊಕ್ಕಿದ್ದರಂತೆ. ಮನೆಯನ್ನೇ ಉಡಾಯಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಮನೆಯವರು ಮೊದಲು ಹೊರಗೆ ಬರಲಿ ಎಂದು ಮಾವ ಹಟ ಹಿಡಿದರು, ಅಧಿಕಾರಿ ಒಪ್ಪಿದ. ಹೆಂಗಸರು ಬಂದರು, ಕೊನೆಗೆ ಒಬ್ಬಳು ಹುಡುಗಿ ಕೋಳಿಯನ್ನು ಅಪ್ಪಿಕೊಂಡು ಬಂದಳು. ಹಾಗೆ ಕಾಯುತ್ತಿದ್ದಾಗಲೇ ಒಳಗಿನಿಂದ ಹಾರಿದ ಗುಂಡಿಗೆ ಮಾವನ ಜೊತೆಗಾರ, ವರ್ಷಗಟ್ಟಲೆ ಒಟ್ಟಿಗೆ ಉಂಡು ಮಲಗಿದವನು, ಸತ್ತುಹೋದ.

ಹಾಗಾದರೆ ಕಾದದ್ದು ಸರಿಯೇ ಎಂದು ಕೇಳಿದೆ. ಊದಿದ ಇನ್ನೊಂದು ಹುಳುವನ್ನು ಸುಣ್ಣದ ನೀರಿಗೆ ಹಾಕಿದರು.

“ಅವನ ಹೆಂಡ್ತಿ ಮುಂದೆ ಸರಿ ಅಂತ ಹೇಳಕ್ಕಾಗಲ್ಲ ಕಣೋ. ಆದ್ರೆ ಇನ್ನೊಂದ್ಸಲ ಅಂದ್ರೂ ಕಾಯ್ತೀನಿ.”

ಆ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟೆ. ಟಿ.ವಿ.ಯಲ್ಲಿ ಬಾಂಬು ಬೀಳುವುದನ್ನು ನೋಡಿ ಊರವರು ಕುಣಿದಾಗಲೆಲ್ಲ, ಅಲ್ಲಿ ಕೋಳಿ ಹಿಡಿದವಳು ಯಾರಿದ್ದಳೋ ಎಂದು ಕೇಳುವ ಚಾಳಿ ನನಗೆ ಅಂಟಿದ್ದು ಅವರಿಂದಲೇ.

ಆಮೇಲೆ ಒಂದು ಸಲ ಉಗ್ರರು ಅಮಾಯಕರನ್ನು ಕೊಂದರು, ನಮ್ಮ ಸೈನ್ಯ ಗಡಿಯಾಚೆ ದಾಳಿ ಮಾಡಿತು. ಊರಲ್ಲಿ ಆವೇಶವೋ ಆವೇಶ. ಹಾಲಿನ ಡೇರಿಯ ಮುಂದೆ ಶಾಮಿಯಾನ ಹಾಕಿಸಿ ಮಾವನಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ಪಕ್ಕದ ತೋಟದವನೆಂದು ನನಗೂ ಮೈಕು ಕೊಟ್ಟರು. ಕೊಂದವರನ್ನು ಬಿಡಬಾರದು, ಸೈನ್ಯ ಹೋಗಲೇಬೇಕು ಎಂದೆ. ಹೋದಾಗ ಹೇಗೆ ನಡೆದುಕೊಳ್ಳಬೇಕೆಂದು ನಮ್ಮ ಮಾವನನ್ನು ನೋಡಿ ಕಲಿಯಬೇಕು ಎಂದು ಆ ಮನೆಯ ಕಥೆ ಹೇಳಿದೆ. ಎದೆಯುಬ್ಬಿಸಿಕೊಂಡೇ ಹೇಳಿದೆ.

ಚಪ್ಪಾಳೆ ಬರಲಿಲ್ಲ. ಡೇರಿ ಅಧ್ಯಕ್ಷರು ಎದ್ದು ನಿಂತರು. “ಏನ್ ಸುಬೇದಾರ್ರೇ, ನಿಮ್ ಜೊತೆಗಾರ ಸಾಯೋವರ್ಗೂ ಉಗ್ರರಿಗೆ ಟೈಮ್ ಕೊಟ್ರಾ?”

ಮಾವ ಪೇಟ ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ.

“ಅಂಥದ್ದೇನೂ ನಡೀಲಿಲ್ಲ. ಇವನು ಕಥೆ ಕಟ್ತಾನೆ. ಮನೇನೇ ಉಡಾಯಿಸಿದ್ವಿ.”

ಆಗ ಬಿತ್ತು ಚಪ್ಪಾಳೆ. ಅಂದಿನಿಂದ ಊರಿಗೆಲ್ಲ ನಾನು ಉಗ್ರರ ವಕೀಲ. ಹಾಲು ಹಾಕಲು ಸಾಲಿನಲ್ಲಿ ನಿಂತರೂ ಅದೇ ಹೆಸರು. ಊರವರು ಅಂದದ್ದು ನನಗೆ ನಾಟಲಿಲ್ಲ. ಮಾವ ಅಂದದ್ದು ನಾಟಿತು.

ಕೆಲವು ದಿನ ಬಿಟ್ಟು ಅವರೇ ನನ್ನ ಹುಳುಮನೆಗೆ ಬಂದರು. ಬೂಟಿಗೆ ಪಾಲಿಶ್ ಇರಲಿಲ್ಲ. ಕಡ್ಡಿ ತೆಗೆದುಕೊಂಡು ತಟ್ಟೆಯ ಮುಂದೆ ಕೂತರು.

“ನೀನ್ ಹೇಳಿದ್ದೇ ನಿಜ. ಅಲ್ಲಿ ಹೆದರ್ಲಿಲ್ಲ ಕಣೋ, ಇಲ್ಲಿ ಹೆದರ್ಕೊಂಡೆ.”

ಇದನ್ನು ಡೇರಿ ಮುಂದೆ ಬಂದು ಹೇಳಿ ಎಂದೆ. ಈ ಬೆಳೆ ಮುಗಿಯಲಿ, ಹೇಳುತ್ತೇನೆ ಎಂದರು. ಬೆಳೆ ಮುಗಿಯಿತು, ಗೂಡು ಕೋಲಾರದ ಮಾರುಕಟ್ಟೆಗೆ ಹೋಯಿತು, ಅವರ ಮನೆಗೆ ಮತ್ತೆ ಮರಿಹುಳುಗಳೂ ಬಂದವು. ಡೇರಿಗೆ ಬಂದರೆ ಹಾಲು ಹಾಕಿ, ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಿದ್ದರು. ನಾನು ಮಾತು ಬಿಟ್ಟೆ.

ಚಳಿಗಾಲದಲ್ಲಿ ಎದೆನೋವು ಬಂದು ಮಾವ ತೀರಿಕೊಂಡರು. ಅದೇ ಡೇರಿಯ ಮುಂದೆ, ಪೇಟ ತೊಟ್ಟ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರು. ಉಗ್ರರ ಮನೆ ಉಡಾಯಿಸಿದ ವೀರ ಎಂದು ಅಧ್ಯಕ್ಷರು ಹೊಗಳಿದರು. ಯಾರೂ ಕರೆಯದಿದ್ದರೂ ಹೋಗಿ ಮೈಕು ತೆಗೆದುಕೊಂಡೆ. ಅವರು ಉಡಾಯಿಸಲಿಲ್ಲ, ಕಾದರು ಎಂದೆ. ಅವರೇ ಇಲ್ಲ ಅಂದಿದ್ರಲ್ಲ ಎಂದು ಹಿಂದಿನಿಂದ ಯಾರೋ ಕೂಗಿದರು.

ಹೌದು, ಅಂದಿದ್ದರು. ಫ್ಲೆಕ್ಸಿನ ಕಡೆ ತಿರುಗಿ ಆ ಪೇಟದ ಕೆಳಗಿನ ಮುಖ ನೋಡಿದೆ. ಒಂದು ಸಲ ಹುಳುಮನೆಯಿಂದ ಹೊರಗೆ ಬಂದು ಹೇಳಿದ್ದರೆ ಸಾಕಿತ್ತು, ಮಾವ. ಕೋಳಿ ಅಪ್ಪಿಕೊಂಡ ಆ ಹುಡುಗಿ ಕೂಡ ಹೊರಗೆ ಬಂದಿದ್ದಳು.