ಉಚ್ಚಂಗೆಮ್ಮನ ಖಾಲಿ ಪಾತಿ

ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಉಚ್ಚಂಗೆಮ್ಮನಿಗೆ ಬುದ್ಧಿ ಹೇಳಲು ಹೋಗಿ ಗೆದ್ದು ಬಂದವರಿಲ್ಲ. ಪಕ್ಕದ ಮನೆಯವನಾದ ನಾನೂ ಹೋಗಿ ಬೈಸಿಕೊಂಡವನೇ.

ಗಂಡ ಪರಶುರಾಮ್ ಸಂಡೂರಿನ ಗಣಿ ಕೆಲಸ ಬಿಟ್ಟು, ಆಟೋ ಕೊಂಡು ಇಲ್ಲಿ ಮನೆ ಮಾಡಿದಾಗ ಆಕೆ ಪಾತ್ರೆ-ಪಗಡಕ್ಕಿಂತ ಮೊದಲು ಗುಲಾಬಿ ಗಿಡಗಳನ್ನು ಗಾಡಿಗೆ ಹೇರಿಸಿದಳು. ಅಲ್ಲಿ ದಿನಾ ಎಲೆಎಲೆಯ ಮೇಲಿನ ಗಣಿಯ ಕೆಂಪು ಧೂಳು ಒರೆಸಿ ಬೆಳೆಸಿದ ಗಿಡಗಳವು. ಪರಶುರಾಮನಿಗೆ ಅಂಗಳಕ್ಕೆ ಸಿಮೆಂಟ್ ಹಾಕಿಸಿ ಆಟೋ ನಿಲ್ಲಿಸುವ ಆಸೆ. ಗಿಡ ಇರುವ ತನಕ ಆ ಮಾತು ಎತ್ತಬೇಡ ಎಂದುಬಿಟ್ಟಳು.

ನೆಟ್ಟ ಮೇಲೆ ಬಿಸಿಲಿಗೆ ಬೇರು ಬಾಡಬಾರದೆಂದು ಎಮ್ಮಿಗನೂರಿನ ತವರಿನಿಂದ ಕಬ್ಬಿನ ಒಣಗರಿಯ ರವದಿ ತರಿಸಿ ಬುಡಕ್ಕೆ ದಪ್ಪಗೆ ಹೊದಿಸಿದಳು. ಎಲೆ ಉದುರತೊಡಗಿದವು. ಜಾಗ ಬದಲಾದ ಮುನಿಸು ಎಂದುಕೊಂಡು ಇನ್ನಷ್ಟು ರವದಿ ಹಾಕಿದಳು. ಒಮ್ಮೆ ತೆಗೆದು ನೋಡಿದೆಯಾ ಎಂದು ಕೇಳಿದ್ದಕ್ಕೇ ನನಗೆ ಬೈಗುಳ ಬಿದ್ದದ್ದು. ಕಡೆಗೆ ಒಂದು ಗಿಡ ಹಿಡಿದೆಳೆದರೆ ಸಲೀಸಾಗಿ ಕೈಗೆ ಬಂತು. ರವದಿಯ ಅಡಿಯಲ್ಲಿ ಗೆದ್ದಲು ಸಂಸಾರ ಹೂಡಿ ಬೇರನ್ನೆಲ್ಲ ತಿಂದು ಮುಗಿಸಿತ್ತು. ಒಂದಾದ ಮೇಲೊಂದು ಎಲ್ಲವೂ ಒಣಗಿದವು. ನನ್ನ ಕೈಯಾರೆ ಗೆದ್ದಲಿಗೆ ಹಬ್ಬ ಮಾಡಿದೆನಲ್ಲ ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು. ನನಗೂ ಸಂಕಟವಾಯಿತು.

ಪರಶುರಾಮ್ ಕೆಟ್ಟವನಲ್ಲ, ಆದರೆ ಆತುರಗಾರ. ಆಕೆಯ ಕಣ್ಣೀರು ಆರುವ ಮೊದಲೇ ಸಿಮೆಂಟ್ ತಂದಿಳಿಸಿ, ಗೌಂಡಿ ಎರ್ರಿಯಪ್ಪನಿಗೆ ಹೇಳಿಬಂದ.

ಬೆಳಿಗ್ಗೆ ಎರ್ರಿಯಪ್ಪ ಬಂದು ನೋಡಿದರೆ ಕಾಲಿಡಲು ಜಾಗವಿಲ್ಲ. ರವದಿಯನ್ನೆಲ್ಲ ಬೀದಿಗೆ ಎಳೆದು ಸುಟ್ಟು, ಅಂಗಳವನ್ನು ಅಗೆದು ಮಗುಚಿ, ಗೆದ್ದಲು ಸಾಯಲೆಂದು ಮಣ್ಣಿಗೆ ಬೇವಿನ ಹಿಂಡಿ ಕಲೆಸುತ್ತ ಉಚ್ಚಂಗೆಮ್ಮ ನಡುವೆ ಕುಂತಿದ್ದಳು.

"ಒಂದ್ ಗಿಡಾನೂ ಉಳಿದಿಲ್ಲ, ಇನ್ಯಾಕ ಹಟ?" ಎಂದ ಪರಶುರಾಮ್.

"ಗಿಡ ಗೆದ್ದಲು ತಿಂತು. ಅಂಗಳ ನಿಮಗ ತಿನ್ನಾಕ ಬಿಡಂಗಿಲ್ಲ."

ಎರ್ರಿಯಪ್ಪ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಆಕೆ ತಡೆದಳು. ಬಂದ ಗೌಂಡಿ, ತಂದ ಸಿಮೆಂಟ್ ಯಾಕೆ ದಂಡವಾಗಬೇಕು? ಅಗೆದ ಮಣ್ಣಿನ ಸುತ್ತ ಮೊಣಕಾಲೆತ್ತರದ ಕಟ್ಟೆ ಕಟ್ಟಲು ಹೇಳಿ, ಕಟ್ಟಿ ಮುಗಿಯುವವರೆಗೂ ಕದಲಲಿಲ್ಲ. ಪರಶುರಾಮನೇ ನೀರು ಹೊತ್ತುಕೊಟ್ಟ.

ಕಟ್ಟೆಯೊಳಗೆ ಇನ್ನೂ ಒಂದು ಗಿಡವಿಲ್ಲ. ಮಣ್ಣಿನೊಳಗಿನ ಗೆದ್ದಲು ಪೂರ್ತಿ ಹೋಗಲಿ, ಆಮೇಲೆ ನೆಡುತ್ತೇನೆ ಎನ್ನುತ್ತಾಳೆ. ಆಟೋ ಬೀದಿಯಲ್ಲೇ ನಿಲ್ಲುತ್ತದೆ.