ನೆಲಮಾಳಿಗೆಗೆ ಬೆಳಕು ಬಂದದ್ದು

ನನ್ನ ಸ್ಕೂಟರಿನ ಬಣ್ಣ ನೀಲಿ. ಆದರೂ ಬಹುಕಾಲ ನಾನದನ್ನು ಗುರುತು ಹಿಡಿಯುತ್ತಿದ್ದದ್ದು ಸೀಟಿನ ಹರಕನ್ನು ಬೆರಳಿನಿಂದ ತಡವಿ. ಕೊಳ್ಳೇಗಾಲದಲ್ಲಿ ನಮ್ಮ ಆಫೀಸಿರುವ ಕಟ್ಟಡದಲ್ಲಿ ಗಾಡಿ ನಿಲ್ಲಿಸುವ ನೆಲಮಾಳಿಗೆ ಅಂಥದ್ದು. ಇದ್ದ ಒಂದೇ ಬಲ್ಬು ತನ್ನ ಮುಖ ತಾನು ನೋಡಿಕೊಳ್ಳುವಷ್ಟು ಮಾತ್ರ ಉರಿಯುತ್ತಿತ್ತು. ಗರ್ಭಗುಡಿಗೆ ಕತ್ತಲು ಒಪ್ಪುತ್ತದೆ. ಅಲ್ಲಿ ದೇವರು ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತು. ಸ್ಕೂಟರಿನ ವಿಷಯದಲ್ಲಿ ಆ ಭರವಸೆ ಇಲ್ಲ.

ಹೊನ್ನೂರಿನಿಂದ ಬರುವ ನನ್ನ ಸಹೋದ್ಯೋಗಿ ಜಯಮ್ಮ ಕೆಳಗಿಳಿಯುತ್ತಲೇ ಇರಲಿಲ್ಲ. “ಅಲ್ಲಿ ಯಾರ್ ನಿಂತವ್ರೆ, ಯಾಕ್ ನಿಂತವ್ರೆ, ಒಂದೂ ಕಾಣಕ್ಕಿಲ್ಲ ಕಣಕ್ಕ. ನಂಗೆ ಭಯ” ಎಂದು ಗಾಡಿಯನ್ನು ರಸ್ತೆಯಲ್ಲೇ ಬಿಡುತ್ತಿದ್ದಳು. ಲಾರಿಯೊಂದು ಅದರ ಹ್ಯಾಂಡಲ್ ಮುರಿದ ಮೇಲೆ ಅವಳ ಗಂಡ, ಕೆಲಸವನ್ನೇ ಬಿಟ್ಟುಬಿಡು ಎಂದ.

ಇಬ್ಬರೂ ಕಟ್ಟಡದ ಮಾಲೀಕರಾದ ಸಿದ್ದಪ್ಪನವರ ಬಳಿ ಹೋಗಿ ಕೆಳಗೆ ದೀಪ ಹಾಕಿಸಿ ಎಂದೆವು. “ಗಾಡಿ ನಿಲ್ಸಕ್ಕೆ ಮದ್ವೆ ಮಂಟಪದ ಲೈಟ್ ಯಾಕವ್ವ?” ಎಂದರು.

“ಒಂದ್ಸಲ ಇಳ್ದು ನೋಡಿ ಸಾ” ಎಂದಳು ಜಯಮ್ಮ.

ಉರಿಬಿಸಿಲಿನಿಂದ ನೇರ ಒಳಗೆ ಕಾಲಿಟ್ಟ ಸಿದ್ದಪ್ಪನವರು ಸ್ವಲ್ಪ ದೂರ ನಡೆದು ನಿಂತರು. “ವಸಿ ಜರುಗಪ್ಪ, ದಾರಿ ಬುಡು” ಎಂದರು. ಇನ್ನೊಂದು ಹೆಜ್ಜೆ ಮುಂದಿಟ್ಟು “ಕಿವಿ ಕೇಳಕ್ಕಿಲ್ವೇನ್ಲಾ?” ಎಂದು ಗದರಿದರು. ಹಿಂದೆಯೇ ಬಂದ ಅವರ ಸೊಸೆ ಕಾವ್ಯ, ಮೈಸೂರಿನಲ್ಲಿ ಕಟ್ಟಡ ವಿನ್ಯಾಸ ಓದಿದವಳು, ಮೆಲ್ಲಗೆ ಹೇಳಿದಳು: “ಮಾವ, ಅದು ನೀವೇ ಕಟ್ಸಿದ್ ಕಂಬ.”

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ದೀಪದ ಕೆಲಸ ಅವತ್ತೇ ಸೊಸೆಯ ಪಾಲಾಯಿತು.

ಬೆಳಕೆಂದರೆ ಹೆಚ್ಚು ಬಲ್ಬು ಎಂದೇ ನಾನು ತಿಳಿದಿದ್ದೆ. ಕಾವ್ಯ ಇಳಿಜಾರಿನ ಬಾಯಲ್ಲಿ ಜೋರು ದೀಪವಿಟ್ಟು, ಒಳಗೆ ಹೋದಂತೆ ತಗ್ಗಿಸಿದಳು. ಬಿಸಿಲಿನಿಂದ ಬಂದ ಕಣ್ಣು ಹೊಂದಿಕೊಳ್ಳಬೇಕಲ್ಲ. ಗೋಡೆಗೆ ಸುಣ್ಣ ಬಳಿಸಿ ದೀಪಗಳ ಮುಖವನ್ನು ಅದರ ಕಡೆಗೇ ತಿರುಗಿಸಿದಳು. ಕಣ್ಣಿಗೆ ಚುಚ್ಚದೆ ಮೂಲೆಗಳೆಲ್ಲ ತೆರೆದುಕೊಂಡವು. ಹೆಂಗಸರು ಸೀರೆ ಸರಿಮಾಡಿಕೊಳ್ಳುವ ಕೋಣೆಯಲ್ಲಿ ಕನ್ನಡಿಯ ಎರಡೂ ಬದಿಗೆ ದೀಪ ಬಂತು. ಅಲ್ಲಿ ನನ್ನ ನರೆಗೂದಲು ನನಗಿಂತ ಮುಂಚೆ ಕನ್ನಡಿ ತಲುಪುತ್ತದೆ. ಆ ದೂರನ್ನು ಯಾರಿಗೆ ಕೊಡಲಿ? ಸಿದ್ದಪ್ಪನವರಂತೂ ಕರೆಂಟ್ ಬಿಲ್ಲಿನ ಚಿಂತೆ ಎಂದು ಹೇಳಿಕೊಂಡು ನೆಂಟರನ್ನೆಲ್ಲ ಇಳಿಸಿ ತೋರಿಸುತ್ತಾರೆ.

ಜಯಮ್ಮ ಕೆಲಸ ಬಿಡಲಿಲ್ಲ, ಗಾಡಿಯನ್ನು ಕೆಳಗೇ ನಿಲ್ಲಿಸತೊಡಗಿದಳು. ಹಿಂದೆ ತಡವಿಕೊಂಡು ಓಡುತ್ತಿದ್ದವರು ಈಗ ನಿಂತು ಮಾತಾಡುತ್ತಾರೆ. ವರ್ಷಗಳಿಂದ ನಮ್ಮ ಪಕ್ಕದಲ್ಲೇ ಬೈಕು ನಿಲ್ಲಿಸುತ್ತಿದ್ದವರು ಮುಳ್ಳೂರಿನ ಟೈಲರ್ ಮಾದೇಶಣ್ಣ ಎಂದು ಗೊತ್ತಾದದ್ದೇ ಆಗ.

ಮೊನ್ನೆ ಸಂಜೆ ನಾವು ಕೆಳಗೆ ಗಾಡಿ ತೆಗೆಯುತ್ತಿದ್ದಾಗ ಕರೆಂಟು ಹೋಯಿತು. ಹೆದರಿದಳೇನೋ ಎಂದು ನಾನು ಜಯಮ್ಮನ ಕೈಗಾಗಿ ತಡಕಾಡಿದೆ. ಅವಳು ಆಗಲೇ ಕೂಗುತ್ತಿದ್ದಳು: “ಮಾದೇಶಣ್ಣ, ಅಲ್ಲಾಡ್ಬೇಡಿ! ನಿಮ್ ಬೈಕಿಗೆ ನನ್ ಸೆರಗು ಸಿಕ್ಕಂಡದೆ!”

“ಅರ್ದೋದ್ರೆ ನಾನೇ ಒಲ್ದ್ಕೊಡ್ತೀನಿ ಬುಡವ್ವ” ಎಂದಿತು ಕತ್ತಲು.

ಮೂಲೆಮೂಲೆಗಳಿಂದ ನಗು ಎದ್ದಿತು. ಮುಖಗಳ ಪರಿಚಯ ಮಾಡಿಕೊಟ್ಟ ಮೇಲೆ ದೀಪ ಸ್ವಲ್ಪ ಹೊತ್ತು ರಜೆ ಹಾಕಿದರೂ ನಡೆಯುತ್ತದೆ.